ಹತ್ತನೆಯ ಪ್ರಯೋಗದ ತನಕ: ರಂಗಮಂದಿರ ಮತ್ತು ಧನಸಹಾಯದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ನಾಟಕ ಆಡುವ, ಆಡಿಸುವ ಹವ್ಯಾಸಿ ನಟ-ನಿರ್ದೇಶಕರ ಪರವಾಗಿ ಈ ಪತ್ರ ಬರೆಯುತ್ತಿದ್ದೇವೆ. ಧನಸಹಾಯದ ಮೊತ್ತ ಹೆಚ್ಚಿಸಿ ಎಂಬ ಮನವಿ ಇದಲ್ಲ. ಅಂಥ ಮನವಿಗಳು ನಿಮ್ಮ ಮೇಜಿನ ಮೇಲೆ ಈಗಾಗಲೇ ಬೇಕಾದಷ್ಟಿರುತ್ತವೆ. ಈಗ ಸಿಗುವ ಹಣ ಮೊದಲ ಪ್ರಯೋಗದ ರಾತ್ರಿಗೇ ಖಾಲಿಯಾಗುವ ಹಾಗೆ ವ್ಯವಸ್ಥೆ ಇದೆ. ಅಷ್ಟೇ ಹಣದಲ್ಲಿ ನಾಟಕವೊಂದು ಹತ್ತು ಪ್ರಯೋಗ ಕಾಣಬಹುದು. ಅದಕ್ಕೆ ಬದಲಾಗಬೇಕಾದ್ದು ಕೆಲವು ನಿಯಮಗಳು, ರಂಗಮಂದಿರಗಳಲ್ಲಿ ಸೇರಬೇಕಾದ್ದು ಕೆಲವು ಸಲಕರಣೆಗಳು.

ಜಿಲ್ಲೆಯ ನಿರ್ದೇಶಕರ ಪರಿಚಯ ಪತ್ರ ತೆಗೆದು ನೋಡಿ. ನಿರ್ದೇಶಿಸಿದ ನಾಟಕಗಳು ಇಪ್ಪತ್ತು, ಮೂವತ್ತು ಎಂದಿರುತ್ತದೆ. ಯಾವುದು ಎಷ್ಟು ಪ್ರಯೋಗ ಕಂಡಿತು ಎಂಬ ಕಾಲಂ ಮಾತ್ರ ಇರುವುದಿಲ್ಲ, ಯಾಕೆಂದರೆ ಅರ್ಜಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಇಪ್ಪತ್ತು ನಾಟಕಗಳನ್ನು ಒಂದೊಂದು ಸಲ ಆಡಿಸಿದವರು ಇಪ್ಪತ್ತು ಸಲ ಮೊದಲ ಪ್ರಯೋಗ ಮಾಡಿದ್ದಾರೆ, ಅಷ್ಟೆ.

ಮೊದಲ ಪ್ರಯೋಗದಲ್ಲಿ ನಟನ ಗಮನವೆಲ್ಲ ಮಾತು ಮರೆಯಬಾರದು ಎಂಬುದರ ಮೇಲೇ ಇರುತ್ತದೆ. ಎದುರಿನವರು ಹೇಳುವುದನ್ನು ಕೇಳಿಸಿಕೊಳ್ಳುವುದಿಲ್ಲ, ತನ್ನ ಸರದಿಗೆ ಕಾಯುತ್ತಿರುತ್ತಾನೆ. ಹಾಸ್ಯದ ಜಾಗದಲ್ಲಿ ಜನ ನಕ್ಕರೆ ತಡೆಯದೆ ಮುಂದಿನ ಮಾತು ಒಪ್ಪಿಸಿಬಿಡುತ್ತಾನೆ, ಅದು ನಗುವಿನಲ್ಲಿ ಮುಳುಗಿಹೋಗುತ್ತದೆ. ಎರಡನೆಯ ಪ್ರಯೋಗದಲ್ಲಿ ಎಡವಟ್ಟು ಇನ್ನೂ ದೊಡ್ಡದು. ಹೋದ ಸಲ ನಕ್ಕ ಜಾಗದಲ್ಲಿ ಈ ಸಲವೂ ನಗುತ್ತಾರೆಂದು ನಿಂತು ಕಾಯುತ್ತಾನೆ. ಬೇರೆ ಊರು, ಬೇರೆ ಜನ, ಯಾರೂ ನಗುವುದಿಲ್ಲ, ದೃಶ್ಯ ಅಲ್ಲೇ ಕುಸಿಯುತ್ತದೆ. ನಾಲ್ಕೈದು ಪ್ರಯೋಗ ಕಳೆದ ಮೇಲೆ ನಗುವಿಗೆ ಕಾಯುವುದನ್ನು ಬಿಟ್ಟು, ಬಂದರೆ ಅದರ ಏರು ಇಳಿಯುವ ಕ್ಷಣಕ್ಕೆ ಮಾತು ಎತ್ತಿಕೊಳ್ಳುವುದನ್ನು ಕಲಿಯುತ್ತಾನೆ. ಇದನ್ನು ತಾಲೀಮಿನಲ್ಲಿ ಕಲಿಸಲು ಬರುವುದಿಲ್ಲ, ತಾಲೀಮಿನಲ್ಲಿ ನಗುವವರು ಇರುವುದಿಲ್ಲವಲ್ಲ. ನಿರ್ದೇಶಕರ ಕಲಿಕೆಯೂ ಹೀಗೆಯೇ. ಪ್ರೇಕ್ಷಕರು ಎಲ್ಲಿ ಕೆಮ್ಮಲು, ಕುರ್ಚಿಯಲ್ಲಿ ಮಿಸುಕಾಡಲು ಶುರುಮಾಡುತ್ತಾರೆ ಎಂಬುದನ್ನು ಮೂರು ಊರುಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಗುರುತು ಹಾಕಿಕೊಂಡರೆ, ನಾಟಕ ತಾನಾಗಿಯೇ ಹತ್ತು ಹದಿನೈದು ನಿಮಿಷ ಕಡಿಮೆಯಾಗುತ್ತದೆ. ಒಂದೇ ಪ್ರಯೋಗದ ನಾಟಕಕ್ಕೆ ಈ ತಿದ್ದುಪಡಿಯ ಭಾಗ್ಯ ಇಲ್ಲ.

ಈ ನಾಡಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಅದರ ನಂತರ ಬಂದ ಕಂಪನಿಗಳೂ ಊರಿನಲ್ಲಿ ಕ್ಯಾಂಪ್ ಹಾಕಿ ಆಡಿದ ನಾಟಕವನ್ನೇ ಮತ್ತೆ ಮತ್ತೆ ಆಡಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಯ ನಟರು ಒಂದೇ ದಿನದಲ್ಲಿ ಒಂದಕ್ಕಿಂತ ಹೆಚ್ಚು ಆಟ ಆಡುತ್ತಾರೆ. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು; ಐದು ವರ್ಷಕ್ಕೆ, 1985ರಲ್ಲಿ, ತಿರುಗಾಟ ಶುರುಮಾಡಿ ನಾಟಕಗಳನ್ನು ಊರೂರಿಗೆ ಒಯ್ದಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಸಂಬಳದ ಕಲಾವಿದರು, ತಮ್ಮದೇ ತಾಲೀಮು ಜಾಗ, ಮರುಪ್ರಯೋಗ ಎಲ್ಲವೂ ಒಂದೇ ಅಂಗಳದಲ್ಲಿ ಸಿಗುವಂತಾಯಿತು. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಸಂಜೆ ಆರೂವರೆಗೆ ತಾಲೀಮಿಗೆ ಬರುವ ಹವ್ಯಾಸಿಗೆ ಮಾತ್ರ ಇವುಗಳಲ್ಲಿ ಒಂದೂ ಇಲ್ಲ. ನಲವತ್ತೈದರಿಂದ ಅರವತ್ತು ಸಂಜೆಗಳ ತಾಲೀಮು, ಒಂದು ರಾತ್ರಿಯ ಪ್ರಯೋಗ, ಮರುದಿನ ರಂಗಸಜ್ಜಿಕೆ ಯಾರದೋ ಮನೆಯ ಹಿತ್ತಲಿನಲ್ಲಿ ಮಳೆಗೆ.

ಎರಡನೆಯ ಪ್ರಯೋಗ ಯಾಕೆ ಆಗುವುದಿಲ್ಲ ಎಂಬುದಕ್ಕೆ ಜನರ ನಿರಾಸಕ್ತಿಯನ್ನು ದೂರುವುದು ಸುಲಭ. ನಿಜವಾದ ಕಾರಣಗಳು ಬಡಗಿಯ ಮೊಳೆಯಿಂದ ಶುರುವಾಗುತ್ತವೆ.

ಒಂದೇ ರಾತ್ರಿಗೆಂದು ಮಾಡಿದ ಸಜ್ಜಿಕೆಯನ್ನು ಮೊಳೆ ಹೊಡೆದು ಜೋಡಿಸುತ್ತಾರೆ. ಎರಡು ಸಲ ಕಿತ್ತು ಮತ್ತೆ ಹೊಡೆಯುವಷ್ಟರಲ್ಲಿ ರೀಪು ಸೀಳುತ್ತದೆ. ಅದನ್ನೇ ಬೋಲ್ಟ್-ನಟ್ ಹಾಕಿ, ಇಲ್ಲವೇ ಕಡ್ಡಿ ಎಳೆದರೆ ಬಿಡಿಯಾಗುವ ಹಿಂಜ್ ಹಾಕಿ ಮಾಡಿದರೆ ಬಿಚ್ಚಲು ಅರ್ಧ ಗಂಟೆ ಸಾಕು. ಅಳತೆಯೂ ಮುಖ್ಯ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಬರುತ್ತದೆಂದು, ನಟರು ಹತ್ತಿ ನಿಲ್ಲುವ ಅಟ್ಟಣೆಗಳಾದ ಲೆವೆಲ್‌ಗಳನ್ನೂ 8 ಅಡಿಗೇ ಮಾಡುತ್ತಾರೆ. ಟಾಟಾ ಏಸ್ ಗಾಡಿಯ ತೊಟ್ಟಿಯ ಉದ್ದ ಸುಮಾರು 7 ಅಡಿ. ಒಂದಡಿ ಹೊರಗೆ ಚಾಚುತ್ತದೆ, ಹಿಂಬಾಗಿಲು ಮುಚ್ಚುವುದಿಲ್ಲ, ಹಗ್ಗ ಬಿಗಿದ ಕಡೆ ಮೂಲೆ ಒಡೆಯುತ್ತದೆ, ಕೊನೆಗೆ ದೊಡ್ಡ ಗಾಡಿಗೆ ದುಪ್ಪಟ್ಟು ಬಾಡಿಗೆ. 6 ಅಡಿಗೆ 4 ಅಡಿ, ಕಾಲು ಮಡಚುವ ಚೌಕಟ್ಟು ಎಂದು ಮೊದಲೇ ತೀರ್ಮಾನಿಸಿದರೆ ಆರು ಲೆವೆಲ್, ಎರಡು ಪೆಟ್ಟಿಗೆ ಪರಿಕರ ಒಂದೇ ಗಾಡಿಯಲ್ಲಿ ಹೋಗುತ್ತವೆ. ಹೀಗೆ ಮಾಡಿಸಲು ಶುರುವಿನಲ್ಲಿ ಸ್ವಲ್ಪ ಹೆಚ್ಚು ಖರ್ಚು ಬರುತ್ತದೆ. ಹಣ ಪ್ರಯೋಗ ಮುಗಿದು, ಬಿಲ್ಲು ಸಲ್ಲಿಸಿ, ತಿಂಗಳುಗಟ್ಟಲೆ ಕಾದ ಮೇಲೆ ಬರುವುದಾದರೆ ಸಾಲ ಮಾಡಿದ ತಂಡ ಅಗ್ಗದ ಮೊಳೆಯನ್ನೇ ಆರಿಸಿಕೊಳ್ಳುತ್ತದೆ.

ಎರಡನೆಯದು ನಿರ್ದೇಶಕರ ಸಂಭಾವನೆ. ರೂಢಿಯಲ್ಲಿರುವುದು ನಾಟಕವೊಂದಕ್ಕೆ ಇಷ್ಟು ಎಂಬ ಇಡಿಗಂಟು. ಮೊದಲ ಪ್ರಯೋಗಕ್ಕೇ ಲೆಕ್ಕ ಚುಕ್ತಾ, ಆಮೇಲೆ ಅವರು ಕಾಲೇಜು ಯುವಜನೋತ್ಸವದ ಏಕಾಂಕಕ್ಕೋ ಬೇಸಿಗೆ ಶಿಬಿರಕ್ಕೋ ಹೊರಡಲೇಬೇಕು. ರಂಗಶಾಲೆಯಲ್ಲಿ ಕಲಿತು ಊರಿಗೆ ಮರಳಿದವರ ಹೊಟ್ಟೆಪಾಡು ನಡೆಯುವುದು ಹೆಚ್ಚಾಗಿ ಮಕ್ಕಳ ನಾಟಕ ಮತ್ತು ಶಿಬಿರಗಳಿಂದಲೇ. ಮರುಪ್ರಯೋಗಕ್ಕೆ ಅವರಿರುವುದಿಲ್ಲ. ನಟನೊಬ್ಬನಿಗೆ ವರ್ಗವಾಗಿರುತ್ತದೆ, ನಟಿಯೊಬ್ಬರಿಗೆ ಮದುವೆಯಾಗಿ ಊರು ಬದಲಾಗಿರುತ್ತದೆ. ಬದಲಿ ಪಾತ್ರಧಾರಿಯನ್ನು ಕೂಡಿಸಲು ಕನಿಷ್ಠ ಆರೇಳು ಸಂಜೆ ಬೇಕು, ಕೂಡಿಸುವವರು ಯಾರು? ಪ್ರಯೋಗಕ್ಕೆ ಇಷ್ಟು ಎಂಬ ಸಣ್ಣ ಸಂಭಾವನೆಯ ಕಂತನ್ನು ಅನುದಾನದಲ್ಲೇ ಸೇರಿಸಿದರೆ ನಿರ್ದೇಶಕರು ನಾಟಕದ ಜೊತೆಗೇ ಉಳಿಯುತ್ತಾರೆ.

ಇನ್ನು ರಂಗಮಂದಿರ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕಟ್ಟಡಕ್ಕೆ ಕೋಟಿ ಸುರಿದ ಮೇಲೂ ನಾಟಕ ಆಡಲು ಬಾರದ ರಂಗಮಂದಿರಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವುಗಳನ್ನು ಕಟ್ಟುವಾಗ ಮನಸ್ಸಿನಲ್ಲಿದ್ದದ್ದು ಸನ್ಮಾನ ಸಮಾರಂಭ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ: ವೇದಿಕೆಗೆ ಹೊಳೆಯುವ ಗ್ರಾನೈಟ್, ಐದಡಿ ಎತ್ತರದ ಅಂಚು, ನಟ್ಟನಡುವೆ ತೂಗುವ ಫ್ಯಾನ್. ಗ್ರಾನೈಟಿನ ಮೇಲೆ ಬಿದ್ದ ಬೆಳಕು ಹಿಂಪರದೆಗೆ ಚಿಮ್ಮುತ್ತದೆ, ನಟ ಬಿದ್ದರೆ ಮಂಡಿ ಒಡೆಯುತ್ತದೆ. ವೇದಿಕೆ ಮೂರು, ಮೂರೂವರೆ ಅಡಿ ಎತ್ತರ ಸಾಕು. ಐದಡಿ ಆದರೆ ಮುಂದಿನ ಸಾಲುಗಳಿಗೆ ನಟರ ಪಾದ ಕಾಣುವುದಿಲ್ಲ, ನೆಲದ ಮೇಲೆ ಕೂತು ಆಡುವ ದೃಶ್ಯವಂತೂ ಅರ್ಧ ಮಾಯ. ಹಿಂಪರದೆಯ ಹಿಂದೆ ಎಡದಿಂದ ಬಲಕ್ಕೆ ದಾಟಲು ಎರಡೂವರೆ ಅಡಿ ಓಣಿ ಇಲ್ಲದಿದ್ದರೆ ಎಡಕ್ಕೆ ಹೋದ ಪಾತ್ರ ಬಲದಿಂದ ಬರಲು ಕಟ್ಟಡವನ್ನೇ ಸುತ್ತಬೇಕು.

ಕಟ್ಟಿದ್ದನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಗ್ರಾನೈಟಿನ ಮೇಲೆ ಕಪ್ಪು ಬಳಿದ ಪ್ಲೈವುಡ್ ಹಾಸಬಹುದು, ಪಕ್ಕದ ಗೋಡೆಗಳಿಗೆ ದಪ್ಪ ಬಟ್ಟೆ ಇಳಿಬಿಟ್ಟು ಮಾತಿನ ಮಾರ್ದನಿ ತಗ್ಗಿಸಬಹುದು. ತುರ್ತಾಗಿ ಬೇಕಾದ್ದು ಬೆಳಕಿನ ಕಂಬಿ ಮತ್ತು ವಿದ್ಯುತ್.

ನಟರ ಮುಖಕ್ಕೆ ಬೆಳಕು ಸುಮಾರು 45 ಡಿಗ್ರಿ ಕೋನದಲ್ಲಿ ಬೀಳಬೇಕು. ವೇದಿಕೆಯ ನೆಲದಿಂದ 17 ಅಡಿ ಎತ್ತರದಲ್ಲಿ ದೀಪ ಕಟ್ಟಿದ್ದೇವೆ ಎನ್ನಿ, ನಟನ ಮುಖ 5 ಅಡಿಯಲ್ಲಿದೆ. ಎತ್ತರದ ವ್ಯತ್ಯಾಸ 12 ಅಡಿ, ಹಾಗಾಗಿ ದೀಪ ನಟನಿಂದ 12 ಅಡಿ ಮುಂದಿರಬೇಕು. ನಟ ವೇದಿಕೆಯ ಅಂಚಿನಿಂದ 3 ಅಡಿ ಒಳಗೆ ನಿಂತರೆ ದೀಪದ ಜಾಗ ಅಂಚಿನಿಂದ 9 ಅಡಿ ಹೊರಗೆ, ಅಂದರೆ ಪ್ರೇಕ್ಷಕರ ತಲೆಯ ಮೇಲೆ. ಅಲ್ಲೊಂದು ಕಂಬಿ ಬೇಕು. ಅದಿಲ್ಲದ ಕಡೆ ದೀಪಗಳೆಲ್ಲ ವೇದಿಕೆಯ ಮೇಲೇ ತೂಗುತ್ತವೆ, ಬೆಳಕು ನೆತ್ತಿಗೆ ಬೀಳುತ್ತದೆ, ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ಮುಂದಿನ ಸಾಲಿಗಾದರೂ ಕಾಣಲೆಂದು ನೆಲದಿಂದ ಬೆಳಕು ಹಾಕಿದರೆ ಹಿಂಪರದೆಯ ಮೇಲೆ ರಾಕ್ಷಸ ನೆರಳು. ಛಾವಣಿಯ ಹೊರೆ ತಡೆಯುತ್ತದೆಯೇ ಎಂದು ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ ಎರಡು ಇಂಚಿನ ಕಬ್ಬಿಣದ ಪೈಪ್ ಕಟ್ಟಿಸಿದರೆ ಸಾಕು. ಪ್ರತಿ ದೀಪಕ್ಕೂ ಸುರಕ್ಷಾ ಸರಪಳಿ ಮಾತ್ರ ಕಡ್ಡಾಯ, ಕೆಳಗೆ ಜನ ಕೂತಿರುತ್ತಾರೆ.

ವಿದ್ಯುತ್ತಿನ ಲೆಕ್ಕ ಇನ್ನೂ ಸರಳ, ಆದರೂ ಎಲ್ಲರೂ ಎಡವುವುದು ಇಲ್ಲೇ. 1000 ವ್ಯಾಟಿನ ಹ್ಯಾಲೊಜನ್ ದೀಪ 230 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್ಟಿಗೆ ಮೂರು ದೀಪ ಮಿತಿ. ನಾಲ್ಕನೆಯದನ್ನು ಸಿಕ್ಕಿಸಿದರೆ 17 ದಾಟುತ್ತದೆ. ಅಷ್ಟಕ್ಕೆ ಎಂಸಿಬಿ (ಹೊರೆ ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಕೂಡಲೇ ಬೀಳುವುದಿಲ್ಲ, ಅದೇ ಅಪಾಯ. ಪ್ಲಗ್ ಬಿಸಿಯಾಗುತ್ತಾ ಹೋಗಿ ಮೂರನೆಯ ದೃಶ್ಯದ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ವೇದಿಕೆಯನ್ನು ಆರು ಭಾಗ ಮಾಡಿ ಭಾಗಕ್ಕೆರಡು ಎಂದರೆ ಮುಂದಿನಿಂದ 12 ದೀಪ, ಹಿಂದಿನಿಂದ 6, ವಿಶೇಷಕ್ಕೆ 6, ಒಟ್ಟು 24. ಎಲ್ಲವೂ ಉರಿದರೆ 24 ಕಿಲೊವ್ಯಾಟ್, ಮೂರು ಫೇಸಿಗೆ ಹಂಚಿದರೆ ಫೇಸಿಗೆ ಸುಮಾರು 35 ಆಂಪಿಯರ್. ಇದಕ್ಕೆ ವೇದಿಕೆಯ ಪಕ್ಕದಲ್ಲೇ ಪ್ರತ್ಯೇಕ ಮೂರು ಫೇಸಿನ ಪೆಟ್ಟಿಗೆ, ಗಟ್ಟಿಯಾದ ನ್ಯೂಟ್ರಲ್, ಅರ್ತಿಂಗ್ ಬೇಕು. ನ್ಯೂಟ್ರಲ್ ತಂತಿ ಸಡಿಲವಾದರೆ ಹೊರೆ ಕಡಿಮೆಯಿರುವ ಫೇಸಿನಲ್ಲಿ ವೋಲ್ಟೇಜ್ 300 ದಾಟುತ್ತದೆ, ಬೆಳಕು ಏರಿಳಿಸುವ ಡಿಮ್ಮರ್, ಆಂಪ್ಲಿಫೈಯರ್ ಒಟ್ಟಿಗೇ ಸುಡುತ್ತವೆ. ಕರೆಂಟ್ ಹೋಗಿ ಜನರೇಟರಿಗೆ ಬದಲಾಯಿಸುವ ಗಡಿಬಿಡಿಯಲ್ಲಿ ಆಗುವ ಅನಾಹುತಗಳಲ್ಲಿ ಇದು ಮುಖ್ಯವಾದದ್ದು. ಆ ತುದಿಗಳನ್ನು ತಿಂಗಳಿಗೊಮ್ಮೆ ಬಿಗಿದು ನೋಡಲು ಒಬ್ಬ ಎಲೆಕ್ಟ್ರಿಷಿಯನ್ ಸಾಕು.

ಎಲ್‌ಇಡಿ ದೀಪ ಹಾಕಿದರಾಯಿತಲ್ಲ ಎನ್ನುತ್ತೀರಿ. ಕರೆಂಟಿನ ಭಾರ ಇಳಿಯುತ್ತದೆ, ನಿಜ. ಟೆಂಡರಿನಲ್ಲಿ ಅತಿ ಕಡಿಮೆ ದರಕ್ಕೆ ಬರುವ ಬಣ್ಣದ ಪಾರ್ ದೀಪಗಳು ಮದುವೆ ಮಂಟಪಕ್ಕೆ ಸರಿ. ಕೆಂಪು, ಹಸಿರು, ನೀಲಿ ಬೆರೆಸಿ ಮಾಡಿದ ಬಿಳಿ ಬೆಳಕಿನಲ್ಲಿ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೆಲ್ಲಗೆ ಆರಬೇಕಾದ ದೃಶ್ಯದಲ್ಲಿ ದೀಪ ಮೆಟ್ಟಿಲಿಳಿದ ಹಾಗೆ ಜಿಗಿಯುತ್ತಾ ಆರುತ್ತದೆ. ಕೊಳ್ಳುವುದಾದರೆ ಮುಖಕ್ಕೆ ಬೆಚ್ಚನೆಯ ಬಿಳಿಯ ಫ್ರೆನೆಲ್ (ಮೆದು ಅಂಚಿನ ಬೆಳಕು ಚೆಲ್ಲುವ ದೀಪ) 12, ಅಂಚು ಕತ್ತರಿಸಬಲ್ಲ ಪ್ರೊಫೈಲ್ 4, ಬಣ್ಣಕ್ಕೆ ಪಾರ್ 8 ಕೊಳ್ಳಿ. ಖರೀದಿಗೆ ಮುನ್ನ ಪೂರ್ತಿ ಕತ್ತಲಲ್ಲಿ ದೀಪವನ್ನು ನೂರರಿಂದ ಸೊನ್ನೆಗೆ ಹತ್ತು ಸೆಕೆಂಡಿನಲ್ಲಿ ಇಳಿಸಿ ನೋಡುವ ಪರೀಕ್ಷೆಯನ್ನು ಷರತ್ತಾಗಿಸಿ, ಅಲ್ಲಿ ಬೆಳಕಿನ ವಿನ್ಯಾಸ ಬಲ್ಲ ಒಬ್ಬರು ಇರಲಿ. ಜೊತೆಗೊಂದು 16 ಅಡಿಯ ಅಲ್ಯೂಮಿನಿಯಂ ಏಣಿ! ಲಕ್ಷಗಟ್ಟಲೆಯ ದೀಪ ಕೊಂಡು ಏಣಿ ಮರೆತ ರಂಗಮಂದಿರದಲ್ಲಿ ಮೇಜಿನ ಮೇಲೆ ಕುರ್ಚಿಯಿಟ್ಟು ಹತ್ತುವುದು ಮಾಮೂಲು.

ಸಲಕರಣೆಗಿಂತಲೂ ಹೆಚ್ಚಾಗಿ ಬೇಕಾದ್ದು ಸಮಯ. 24 ದೀಪ ಕಟ್ಟಿ ಗುರಿ ಹಿಡಿಯಲು ಇಬ್ಬರಿಗೆ ನಾಲ್ಕು ಗಂಟೆ, ದೃಶ್ಯವಾರು ಬೆಳಕು ಕೂಡಿಸಲು ಎರಡು, ಸಜ್ಜಿಕೆ, ಬೆಳಕು, ಸಂಗೀತ ಸೇರಿಸಿದ ತಾಂತ್ರಿಕ ತಾಲೀಮಿಗೆ ಮೂರು, ಪೂರ್ತಿ ರನ್‌ಥ್ರೂಗೆ ಎರಡು, ಪ್ರಸಾಧನ, ಉಡುಪಿಗೆ ಒಂದೂವರೆ. ಒಟ್ಟು ಹನ್ನೆರಡೂವರೆ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದು ಸಂಜೆ ಆರೂವರೆಗೆ ನಾಟಕ ಎಂದರೆ ಕೈಯಲ್ಲಿರುವುದು ಒಂಬತ್ತೂವರೆ. ಬೆಳಗಿನ ಹೊತ್ತು ಯಾವುದೋ ಇಲಾಖೆಯ ಕಾರ್ಯಾಗಾರವಿದ್ದರೆ ನಾಲ್ಕೇ ಗಂಟೆ. ಆಗ ಮೊದಲು ಬಲಿಯಾಗುವುದು ತಾಂತ್ರಿಕ ತಾಲೀಮು. ಕತ್ತಲಾಗಬೇಕಾದಲ್ಲಿ ಬೆಳಕು ಬರುವುದು, ಲೆವೆಲ್ ತಪ್ಪಿ ನಟ ಬೀಳುವುದು, ಸಂಗೀತ ಒಂದು ದೃಶ್ಯ ಮುಂದಕ್ಕೆ ಹೋಗುವುದು ಎಲ್ಲವೂ ಅಲ್ಲಿಂದಲೇ. ಜನ ಅದನ್ನು 'ಹವ್ಯಾಸಿಗಳಲ್ಲವೇ' ಎಂದು ಕ್ಷಮಿಸುತ್ತಾರೆ. ಆ ಕ್ಷಮೆ ನಮಗೆ ಬೇಡ. ಟಿಕೆಟ್ ಇಟ್ಟು ಆಡುವ ನಾಟಕಕ್ಕೆ ಹಿಂದಿನ ದಿನ ಮಧ್ಯಾಹ್ನದಿಂದಲೇ ರಂಗಮಂದಿರ ಬಿಟ್ಟುಕೊಡಿ, ಆ ಅರ್ಧ ದಿನಕ್ಕೆ ವಿದ್ಯುತ್ ಖರ್ಚು ಮಾತ್ರ ವಸೂಲು ಮಾಡಿ. ಮುಂಗಡ ಕೊಟ್ಟು ಕಾದಿರಿಸಿದ ದಿನವನ್ನು ಸರ್ಕಾರಿ ಕಾರ್ಯಕ್ರಮಕ್ಕಾಗಿ ಕಿತ್ತುಕೊಳ್ಳುವುದು ಅನಿವಾರ್ಯವಾದರೆ ಹದಿನೈದು ದಿನ ಮೊದಲು ತಿಳಿಸಿ, ಮುಂದಿನ ದಿನಾಂಕವನ್ನು ಬಾಡಿಗೆಯಿಲ್ಲದೆ ಕೊಡಬೇಕೆಂದು ನಿಯಮ ಬರಲಿ.

ಸಭಾ ಕಾರ್ಯಕ್ರಮದ ಮಾತು ಎತ್ತದಿದ್ದರೆ ಈ ಪತ್ರ ಅಪೂರ್ಣ. ಧನಸಹಾಯದ ದಾಖಲೆಗೆ ತಂಡಗಳು ಲಗತ್ತಿಸುವುದು ಆಹ್ವಾನ ಪತ್ರಿಕೆ, ಪತ್ರಿಕೆಯ ತುಣುಕು, ಬ್ಯಾನರ್ ಕಾಣುವ ಫೋಟೊ. ಆದ್ದರಿಂದಲೇ ಉದ್ಘಾಟಕರು, ಅಧ್ಯಕ್ಷರು, ನಾಲ್ವರು ಮುಖ್ಯ ಅತಿಥಿಗಳು, ಹಾರ-ಶಾಲು ಹುಟ್ಟಿಕೊಳ್ಳುತ್ತವೆ. ಆರಕ್ಕೆಂದ ಸಭೆ ಏಳಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುವಷ್ಟರಲ್ಲಿ ನಟರ ಮುಖದ ಬಣ್ಣ ಬೆವರಿಗೆ ಕರಗಿರುತ್ತದೆ, ಕೊನೆಯ ಬಸ್ಸು ಹಿಡಿಯಬೇಕಾದವರು ಎದ್ದಿರುತ್ತಾರೆ. ಬಯಲಿನಲ್ಲಾದರೆ ವಿಶೇಷ ಅನುಮತಿಯಿಲ್ಲದೆ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಅವಕಾಶವೂ ಇಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರ ಹೇಳಿದ ಹೊತ್ತಿಗೆ ನಾಟಕ ಶುರುಮಾಡಿ, ತಡವಾಗಿ ಬಂದವರನ್ನು ಒಳಗೆ ಬಿಡದೆ ಪ್ರೇಕ್ಷಕರಿಗೆ ಅದನ್ನೇ ರೂಢಿ ಮಾಡಿಸಿತು. ನಮ್ಮ ಊರುಗಳಲ್ಲೂ ಆಗುತ್ತದೆ. ದಾಖಲೆಯಾಗಿ ಟಿಕೆಟ್ ಪುಸ್ತಕದ ಪ್ರತಿ, ಬಾಡಿಗೆ ರಸೀದಿ, ಪ್ರೇಕ್ಷಕರ ಕಡೆಯಿಂದ ತೆಗೆದ ದೃಶ್ಯದ ಫೋಟೊ ಕೇಳಿ. ಬ್ಯಾನರ್ ಮತ್ತು ಸಭೆ ಎರಡೂ ತಾವಾಗಿಯೇ ಉದುರುತ್ತವೆ.

ಟಿಕೆಟ್ ಎಂದರೆ ತೆರಿಗೆಯ ತಲೆನೋವು ಎಂದು ಹೆದರುವ ಕಾರ್ಯದರ್ಶಿಗಳಿದ್ದಾರೆ. ನಾಟಕದ ಪ್ರವೇಶ ಶುಲ್ಕ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ, ನಮ್ಮ ಟಿಕೆಟ್ಟುಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕೃತಿಸ್ವಾಮ್ಯದ್ದು ಬೇರೆ ಮಾತು. ಹವ್ಯಾಸಿ ಸಂಘ ಉಚಿತವಾಗಿ ಆಡಿದರೆ ಕಾಯ್ದೆಯಲ್ಲಿ ರಿಯಾಯಿತಿ ಉಂಟು, ಟಿಕೆಟ್ ಇಟ್ಟರೆ ನಾಟಕಕಾರರ ಅನುಮತಿ ಬೇಕೇ ಬೇಕು. ಅವರು ತೀರಿಕೊಂಡಿದ್ದರೂ ಹಕ್ಕು 60 ವರ್ಷ ವಾರಸುದಾರರಲ್ಲಿರುತ್ತದೆ. ಅರ್ಜಿಯ ಜೊತೆ ಕೇಳುವ ಅನುಮತಿ ಪತ್ರದಲ್ಲೇ ಎಷ್ಟು ಪ್ರಯೋಗ, ಯಾವ ಅವಧಿ, ಪ್ರಯೋಗಕ್ಕೆಷ್ಟು ಗೌರವಧನ, ದೃಶ್ಯ ಕಡಿತಕ್ಕೆ ಒಪ್ಪಿಗೆಯಿದೆಯೇ ಎಂದು ನಾಲ್ಕು ಸಾಲು ಕಡ್ಡಾಯ ಮಾಡಿದರೆ ಐದನೆಯ ಪ್ರಯೋಗದ ಹೊತ್ತಿಗೆ ಜಗಳವಾಗುವುದಿಲ್ಲ. ಸರ್ಕಾರಿ ನೌಕರರಾದ ಕಲಾವಿದರಿಗೆ ಮೊದಲ ಪ್ರಯೋಗಕ್ಕಷ್ಟೇ ಅಲ್ಲ, ಮಂಜೂರಾದ ಮರುಪ್ರಯೋಗಗಳಿಗೂ ಓಓಡಿ (ಆ ದಿನವನ್ನು ಕರ್ತವ್ಯವೆಂದೇ ಪರಿಗಣಿಸುವ ಸೌಲಭ್ಯ) ಸಿಗಬೇಕು.

ಹಣದ ಹಂಚಿಕೆ ಹೀಗಿರಲಿ ಎಂಬುದು ನಮ್ಮ ಸಲಹೆ. ಮಂಜೂರಾದ ಮೊತ್ತದ ಶೇ. 40 ತಾಲೀಮು ಶುರುವಾಗುವ ಮುನ್ನ, ಶೇ. 20 ಮೊದಲ ಪ್ರಯೋಗ ಆದೊಡನೆ. ಉಳಿದ ಶೇ. 40 ಐದು ಮರುಪ್ರಯೋಗಗಳಿಗೆ, ತಲಾ ಶೇ. 8ರಂತೆ, ಅವುಗಳಲ್ಲಿ ಮೂರಾದರೂ ಬೇರೆ ತಾಲ್ಲೂಕುಗಳಲ್ಲಿ ಆಗಬೇಕು. ಏಳರಿಂದ ಹತ್ತನೆಯ ಪ್ರಯೋಗದವರೆಗೆ ಹಣ ಬೇಡ, ರಂಗಮಂದಿರದ ಬಾಡಿಗೆ ಮನ್ನಾ ಮಾಡಿದರೆ ಸಾಕು. ಎಲ್ಲ ನಾಟಕಗಳೂ ಹತ್ತು ಪ್ರಯೋಗಕ್ಕೆ ಯೋಗ್ಯವಲ್ಲ, ಎರಡಕ್ಕೇ ನಿಲ್ಲಬೇಕಾದವೂ ಇವೆ. ಅವುಗಳ ಉಳಿಕೆ ಕಂತು ಅದೇ ಜಿಲ್ಲೆಯ ಬೇರೆ ನಾಟಕಕ್ಕೆ ಹೋಗಲಿ. ಕಾಗದದ ಮೇಲೆ ಮರುಪ್ರಯೋಗ ತೋರಿಸುವವರೂ ಹುಟ್ಟಿಕೊಳ್ಳುತ್ತಾರೆ, ಸುಳ್ಳೇಕೆ. ಹೇಳದೆ ಕೇಳದೆ ಒಂದೆರಡು ಪ್ರಯೋಗಕ್ಕೆ ನಿಮ್ಮ ಸಿಬ್ಬಂದಿಯನ್ನು ಕಳಿಸಿ, ಟಿಕೆಟ್ ಕೊಂಡು ಕೂರಲಿ.

ಕೊನೆಯದಾಗಿ ತಾರೀಖಿನ ವಿಷಯ. ನಮ್ಮಲ್ಲಿ ನಾಟಕದ ಹಂಗಾಮು ಮಳೆ ನಿಂತ ಮೇಲೆ ಶುರುವಾಗಿ ಮಾರ್ಚ್ ಪರೀಕ್ಷೆಗಳ ಹೊತ್ತಿಗೆ ಮುಗಿಯುತ್ತದೆ. ಮಂಜೂರಾತಿ ಪತ್ರ ಜನವರಿ, ಫೆಬ್ರವರಿಯಲ್ಲಿ ಕೈಗೆ ಬಂದರೆ ಮಾರ್ಚ್ 31ರೊಳಗೆ ಖರ್ಚು ತೋರಿಸುವ ಧಾವಂತದಲ್ಲಿ ಅರೆಬೆಂದ ನಾಟಕ ಒಂದೇ ಸಲ ರಂಗಕ್ಕೆ ಬಂದು ಮುಗಿಯುತ್ತದೆ. ಅರ್ಜಿ ಮೇ ತಿಂಗಳಲ್ಲಿ ಕರೆದು ಆಗಸ್ಟ್ ಕೊನೆಯೊಳಗೆ ಮಂಜೂರಾತಿ ಕೊಡಿ, ಮೊದಲ ಪ್ರಯೋಗದ ದಿನದಿಂದ ಹನ್ನೆರಡು ತಿಂಗಳು ಮರುಪ್ರಯೋಗಕ್ಕೆ ಅವಧಿ ಇರಲಿ, ಅದರ ಕಂತುಗಳು ಮುಂದಿನ ಆರ್ಥಿಕ ವರ್ಷಕ್ಕೆ ದಾಟುವಂತೆ ಆದೇಶದಲ್ಲೇ ಬರೆಯಿರಿ.

ಇಂತಿ,
ಜಿಲ್ಲೆ, ತಾಲ್ಲೂಕುಗಳ ಹವ್ಯಾಸಿ ರಂಗತಂಡಗಳ ನಟರು, ನಿರ್ದೇಶಕರು ಮತ್ತು ನೇಪಥ್ಯದವರು